ಟೈಟಾನಿಯಾ ತೆಳು ಪದರ: ನಾನು ಅಳೆಯುವ ರೀತಿ

ಸೋಲ್-ಜೆಲ್ ವಿಧಾನದಲ್ಲಿ (ದ್ರಾವಣ ಲೇಪಿಸಿ, ಒಣಗಿಸಿ, ಬಿಸಿ ಮಾಡಿ) ಮಾಡಿದ ಟೈಟಾನಿಯಂ ಡೈಆಕ್ಸೈಡ್ ಪದರ ಕೈಗೆ ಬಂದರೆ ನಾನು ಮೊದಲು ಹೋಗುವುದು ಎಲಿಪ್ಸೋಮೀಟರ್ (ಪ್ರತಿಫಲಿತ ಬೆಳಕಿನ ಧ್ರುವೀಕರಣ ನೋಡಿ ದಪ್ಪ, ಸೂಚ್ಯಂಕ ಅಳೆಯುವ ಯಂತ್ರ) ಹತ್ತಿರ ಅಲ್ಲ. ಪ್ರತಿ ತರಂಗಾಂತರದಲ್ಲಿ ಎಷ್ಟು ಬೆಳಕು ದಾಟುತ್ತದೆ ಎಂದು ಅಳೆಯುವ ಸಾಮಾನ್ಯ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಅದರ ಗ್ರಾಫನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಪದರವನ್ನು ಕ್ವಾರ್ಟ್ಸ್ ಮೇಲೆ ಹಾಕುತ್ತೇನೆ. ಸಾದಾ ಸ್ಲೈಡ್ ಗಾಜು ಅಗ್ಗ, ನಿಜ. ಆದರೆ ಸುಮಾರು 350 ನ್ಯಾನೋಮೀಟರ್‌ಗಿಂತ ಕೆಳಗೆ ಆ ಗಾಜೇ ಬೆಳಕು ನುಂಗಲು ಶುರು ಮಾಡುತ್ತದೆ. ಫರ್ನೇಸ್‌ನಲ್ಲಿಟ್ಟಾಗ ಅದರ ಸೋಡಿಯಂ ಪದರಕ್ಕೆ ನುಗ್ಗಿ ಹರಳುಗಟ್ಟುವುದನ್ನೂ ಕೆಡಿಸುತ್ತದೆ.

ಬೇಸ್‌ಲೈನ್ (100 ಶೇಕಡಾ ಬೆಳಕಿನ ಗುರುತು) ತೆಗೆಯುವಾಗ ಎರಡೂ ಹೋಲ್ಡರ್ ಖಾಲಿ ಇರಬೇಕು. ರೆಫರೆನ್ಸ್ ಕಡೆ ಬರೀ ಕ್ವಾರ್ಟ್ಸ್ ಇಡುವವರು ಬಹಳ ಜನ. ನನಗದು ಒಪ್ಪಿಗೆಯಿಲ್ಲ, ಯಾಕಂದ್ರೆ ಒಂದು ಒಳ್ಳೆ ಪರೀಕ್ಷೆ ಕೈತಪ್ಪುತ್ತದೆ. ಬರೀ ಕ್ವಾರ್ಟ್ಸ್ ಸುಮಾರು 93 ಶೇಕಡಾ ಬೆಳಕು ಬಿಡುತ್ತದೆ. ಪದರದ ಎರಡು ಮೈಗಳಿಂದ ಮರಳುವ ಬೆಳಕು ಒಂದರೊಡನೊಂದು ಸೇರಿ ಗ್ರಾಫ್‌ನಲ್ಲಿ ಅಲೆಯ ಹಾಗೆ ಶಿಖರ, ಕಣಿವೆ ಮೂಡುತ್ತವೆ. ಬೆಳಕು ನುಂಗದ, ಚದುರಿಸದ ಪದರವಾದರೆ ಗ್ರಾಫ್‌ನ ಪ್ರತಿ ಶಿಖರವೂ ಅದೇ 93ಕ್ಕೆ ತಾಗಬೇಕು. ಮುಟ್ಟಲಿಲ್ಲ ಅಂದ್ರೆ ಪದರ ಮಸುಕಾಗಿದೆ, ಇಲ್ಲವೇ ಬೆಳಕು ಬೀಳುವ ಜಾಗದಲ್ಲೇ ದಪ್ಪ ಏರುಪೇರಾಗಿದೆ. ದಪ್ಪದ ತೊಂದರೆಯಾದರೆ ಶಿಖರ ತಗ್ಗುವ ಜೊತೆಗೆ ಕಣಿವೆ ಮೇಲೇರುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಹೀಗೆ.

ಕಣಿವೆಯ ಆಳವೇ ವಕ್ರೀಭವನ ಸೂಚ್ಯಂಕ (ಪದರ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಸಂಖ್ಯೆ) ಹೇಳುತ್ತದೆ. ಅದು 73 ಶೇಕಡಾ ಹತ್ತಿರ ನಿಂತರೆ ಸೂಚ್ಯಂಕ ಸುಮಾರು 2.1. ದಟ್ಟವಾದ ಅನಾಟೇಸ್‌ದು (ಟೈಟಾನಿಯಾದ ಒಂದು ಹರಳು ರೂಪ) 2.5 ಆಸುಪಾಸು, ಆಗ ಕಣಿವೆ 60ರವರೆಗೆ ಇಳಿಯಬೇಕು. ಸೋಲ್-ಜೆಲ್ ಪದರ ಅಷ್ಟು ಇಳಿಯುವುದು ಅಪರೂಪ. ಒಳಗೆ ರಂಧ್ರ ಜಾಸ್ತಿ, ಅಷ್ಟೇ. ದಪ್ಪಕ್ಕೆ ಅಕ್ಕಪಕ್ಕದ ಎರಡು ಕಣಿವೆ ಸಾಕು. ಅವು 840 ಮತ್ತು 504 ನ್ಯಾನೋಮೀಟರ್‌ನಲ್ಲಿವೆ ಅನ್ನಿ. ಎರಡನ್ನೂ ಗುಣಿಸಿ, ಅವುಗಳ ವ್ಯತ್ಯಾಸ ಮತ್ತು ಸೂಚ್ಯಂಕದ (2.1) ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ 300 ನ್ಯಾನೋಮೀಟರ್ ಬರುತ್ತದೆ. ನೀಲಿ ಕಡೆ ಸೂಚ್ಯಂಕ ಏರುವುದರಿಂದ ಇದು ಮೊದಲ ಅಂದಾಜು ಮಾತ್ರ. ಪಕ್ಕಾ ಲೆಕ್ಕಕ್ಕೆ ಸ್ವಾನಪೋಲ್ 1983ರಲ್ಲಿ ಕೊಟ್ಟ ವಿಧಾನ ಇದೆ. ತೀರಾ ತೆಳು ಪದರದಲ್ಲಿ ಅಲೆಗಳೇ ಕಾಣುವುದಿಲ್ಲ, ಆಗ ಈ ದಾರಿ ಬಿಡಿ.

ಬ್ಯಾಂಡ್ ಗ್ಯಾಪ್ (ಪದರ ಬೆಳಕು ನುಂಗಲು ಬೇಕಾದ ಕನಿಷ್ಠ ಶಕ್ತಿ) ವಿಷಯದಲ್ಲಿ ನಾನು ಸ್ವಲ್ಪ ಅನುಮಾನದ ಮನುಷ್ಯ. ಟೌಕ್ ಗ್ರಾಫ್‌ನಲ್ಲಿ (ಬೆಳಕು ನುಂಗುವ ಪ್ರಮಾಣದಿಂದ ಗ್ಯಾಪ್ ಅಂದಾಜಿಸುವ ಗ್ರಾಫ್) ಸ್ಕೇಲ್ ಇಟ್ಟು ಗೆರೆ ಎಳೆದರೆ ಏನೋ ಒಂದು ಸಂಖ್ಯೆ ಬಂದೇ ಬರುತ್ತದೆ, ಅಲ್ವಾ? ಅನಾಟೇಸ್‌ಗೆ ಇಂಡೈರೆಕ್ಟ್ (ಬೆಳಕು ನುಂಗಲು ಹರಳಿನ ಕಂಪನದ ನೆರವೂ ಬೇಕು ಎಂಬ) ಲೆಕ್ಕ ಹಾಕಬೇಕು, ಉತ್ತರ 3.2 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಬರುತ್ತದೆ. ಅದೇ ಡೇಟಾಗೆ ಆ ನೆರವು ಬೇಡದ ಡೈರೆಕ್ಟ್ ಲೆಕ್ಕ ಹಾಕಿದರೆ ಸಂಖ್ಯೆ ಸುಮ್ನೆ ಮೇಲೇರುತ್ತದೆ. ಇನ್ನೊಂದು ಎಚ್ಚರಿಕೆಯಾಗಿ ಅದೇ ಜಾಗದ ಪ್ರತಿಫಲನವನ್ನೂ ಅಳೆದು ಕಳೆಯುತ್ತೇನೆ. ಇಲ್ಲದಿದ್ದರೆ ಅಲೆಯ ಇಳಿಜಾರೇ ಗ್ಯಾಪ್‌ನ ಅಂಚಿನ ಹಾಗೆ ಕಂಡು ಮೋಸ ಮಾಡುತ್ತದೆ.

ಎಲಿಪ್ಸೋಮೀಟರ್‌ಗೆ ಹೋಗುವಾಗ ಕ್ವಾರ್ಟ್ಸ್ ಹಿಂಬದಿಗೆ ಮಬ್ಬು ಟೇಪ್ ಅಂಟಿಸುತ್ತೇನೆ, ಅಲ್ಲಿಂದ ಮರಳುವ ಬೆಳಕು ಅಳತೆಗೆ ಸೇರಬಾರದು. ಕೌಶಿ ಮಾದರಿಯನ್ನು (ತರಂಗಾಂತರದೊಂದಿಗೆ ಸೂಚ್ಯಂಕ ಬದಲಾಗುವ ಸೂತ್ರ) ಪದರ ಪಾರದರ್ಶಕವಾಗಿರುವ ಕಡೆ ಮಾತ್ರ ಹೊಂದಿಸುತ್ತೇನೆ. ಟೇಪ್ ಅಂಟಿಸುವ ಮೊದಲು ಸ್ಯಾಂಪಲ್ಲನ್ನು ಹಾಟ್‌ಪ್ಲೇಟ್ ಮೇಲೆ ಬಿಸಿ ಮಾಡಿ ಆರಿಸುತ್ತೇನೆ. ರಂಧ್ರಗಳು ಗಾಳಿಯ ತೇವ ಹೀರಿಕೊಂಡಿದ್ದರೆ ಸೂಚ್ಯಂಕ ಜಾಸ್ತಿ ತೋರಿಸುತ್ತದೆ.