ಮಗ್ಗುಲು ಬದಲಿಸಿದ್ರೆ ರೂಮೇ ತಿರುಗುತ್ತಾ? ಕಿವಿ ಒಳಗಿನ ತಲೆಸುತ್ತಿಗೆ ಹಾಸಿಗೆ ಮೇಲೇ ಪರಿಹಾರ ಇದೆ

ತಲೆಸುತ್ತು ಅಂದ ತಕ್ಷಣ ನಮ್ಮ ಕಡೆ ಕಾರಣಗಳು ರೆಡಿ ಇರ್ತವೆ. ಬಿಪಿ ಲೋ ಆಗಿದೆ, ಪಿತ್ತ ಕೆರಳಿದೆ, ಇಲ್ಲಾಂದ್ರೆ ಬೆಳಗ್ಗೆಯಿಂದ ಏನೂ ತಿಂದಿಲ್ಲ. ಕಿವಿ ಅಂತ ಮಾತ್ರ ಯಾರ ಬಾಯಲ್ಲೂ ಬರಲ್ಲ. ಆದ್ರೆ ಹಾಸಿಗೇಲಿ ಹೊರಳಿದಾಗ, ಅಟ್ಟದ ಮೇಲಿನ ಡಬ್ಬಕ್ಕೆ ಕತ್ತೆತ್ತಿದಾಗ, ರಂಗೋಲಿ ಹಾಕೋಕೆ ಬಗ್ಗಿದಾಗ ಇಡೀ ಮನೆ ಗಿರ್ ಅಂತ ತಿರುಗಿ ಒಂದು ನಿಮಿಷದೊಳಗೆ ನಿಂತು ಹೋಗ್ತಿದ್ರೆ ಅದು ಬಹುಪಾಲು ಒಳಗಿವಿದೇ ತೊಂದರೆ, ಡಾಕ್ಟರು ಬಿಪಿಪಿವಿ ಅಂತಾರೆ.

ಒಳಗಿವೀಲಿ ಸೀಮೆಸುಣ್ಣದ ಪುಡಿಯಂಥ ಸಣ್ಣ ಸಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಅಂಟಿಕೊಂಡಿರ್ತವೆ. ವಯಸ್ಸಾಗಿಯೋ ತಲೆಗೆ ಪೆಟ್ಟು ಬಿದ್ದೋ, ಎಷ್ಟೋ ಸಲ ಕಾರಣಾನೇ ಇಲ್ದೆ, ಅವು ಕಳಚಿಕೊಂಡು ಪಕ್ಕದಲ್ಲೇ ಇರೋ 3 ಅರ್ಧವೃತ್ತದ ಕಾಲುವೆಗಳಲ್ಲಿ ಒಂದಕ್ಕೆ, ಹೆಚ್ಚಾಗಿ ಹಿಂದಿನದಕ್ಕೆ, ಹೋಗಿ ಸೇರ್ತವೆ. ನೀವು ತಲೆ ಅಲ್ಲಾಡಿಸಿದಾಗ ಆ ಹರಳು ಉರುಳಿ ಕಾಲುವೇಲಿರೋ ದ್ರವ ತಳ್ಳತ್ತೆ, ತಲೆ ಇನ್ನೂ ತಿರುಗ್ತಾನೇ ಇದೆ ಅಂತ ಮೆದುಳಿಗೆ ತಪ್ಪು ಸುದ್ದಿ ಹೋಗತ್ತೆ, ಕಣ್ಣುಗುಡ್ಡೆ ತಾನಾಗೇ ಅದುರತ್ತೆ, ಹೊಟ್ಟೆ ತೊಳೆಸತ್ತೆ.

ಒಂದು ನಿಮಿಷದ್ದು ತಾನೇ ಅಂತ ಅನ್ಕೋಬೇಡಿ. ನಮ್ಮ ದೊಡ್ಡಮ್ಮ ಇದರ ಭಯಕ್ಕೆ ತಿಂಗಳುಗಟ್ಟಲೆ ಈಸಿಚೇರಲ್ಲೇ ಕೂತು ನಿದ್ದೆ ಮಾಡಿದಾರೆ. ತಂತಿ ಮೇಲೆ ಬಟ್ಟೆ ಹರವೋದು ಬಿಟ್ರು, ತಲೆಗೆ ಸ್ನಾನ ಅಂದ್ರೆ ಬಾತ್‌ರೂಮ್ ಬಾಗಿಲ ಹೊರಗೆ ಯಾರಾದ್ರೂ ನಿಂತಿರಬೇಕು, ಮದುವೆ ಮುಂಜಿಗೆ ಕರೆದ್ರೆ ಬಸ್ಸಲ್ಲಿ ಸುತ್ತು ಬಂದ್ರೆ ಏನ್ ಗತಿ ಅಂತ ಮನೇಲೇ ಉಳಿದ್ರು. ಕತ್ತಿಗೆ ಕಾಲರ್ ಹಾಕ್ಸಿದ್ರು, ಮಾತ್ರೆ ಮೇಲೆ ಮಾತ್ರೆ ಕೊಟ್ರು. ಹೊರಗಡೆ ನೋಡೋಕೆ ಗಾಯ ಇಲ್ಲ, ಜ್ವರ ಇಲ್ಲ, ಹಂಗಾಗಿ ಮನೆಯವರಿಗೂ ಇವರು ಸುಮ್ನೆ ಹೆದರ್ತಾರೆ ಅನ್ಸತ್ತೆ, ಅದು ಕಾಯಿಲೆಗಿಂತ ಜಾಸ್ತಿ ನೋಯಿಸತ್ತೆ. ವಯಸ್ಸಾದವರು ಆಯತಪ್ಪಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರಂತೂ ಕೇಳೋದೇ ಬೇಡ.

ಈಗ ಮಾಡೋದು ಹೇಗೆ ನೋಡೋಣ. ಮೊದಲನೇ ಕೆಲಸ, ಇದು ಸ್ಟ್ರೋಕ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಸುತ್ತಿನ ಜೊತೆ ಮಾತು ತೊದಲಿದ್ರೆ, ಬಾಯಿ ಸೊಟ್ಟ ಆದ್ರೆ, ಎರಡೆರಡು ಕಂಡ್ರೆ, ಕೈಕಾಲು ಸೋತ್ರೆ, ನಿಲ್ಲೋಕೇ ಆಗ್ದಿದ್ರೆ, ಹಿಂದೆಂದೂ ಬರದಂಥ ತಲೆನೋವು ಬಂದ್ರೆ ಇದನ್ನ ಓದ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಎರಡನೇದು ಯಾವ ಕಿವಿ ಅಂತ ಗೊತ್ತಾಗಬೇಕು. ಇದಕ್ಕೆ ಇಎನ್‌ಟಿ ಡಾಕ್ಟರ ಹತ್ರ ಹೋಗಿ, ನಿಮ್ಮ ತಲೆ ಒಂದು ಕಡೆ ತಿರುಗಿಸಿ ಸರಕ್ಕಂತ ಹಿಂದಕ್ಕೆ ಮಲಗಿಸಿ ಕಣ್ಣು ನೋಡ್ತಾರೆ, ಡಿಕ್ಸ್ ಹಾಲ್‌ಪೈಕ್ ಟೆಸ್ಟ್ ಅಂತ, 1952ರಿಂದ ಇದೆ, ಸ್ಕ್ಯಾನ್ ಗೀನ್ ಸಾಮಾನ್ಯವಾಗಿ ಬೇಕಾಗಲ್ಲ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೇಲೂ ಬ್ಯಾಲೆನ್ಸ್ ಪರೀಕ್ಷೆ ಮಾಡ್ತಾರೆ.

ಮೂರನೇದು ಎಪ್ಲಿ ವಿಧಾನ, ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ ಹುಡುಕಿದ್ದು. ಮೊದಲ ಸಲ ಡಾಕ್ಟರೇ ಮಾಡಿಸ್ಲಿ, ಆಮೇಲೆ ಅವರು ಹೂಂ ಅಂದ್ರೆ ಮನೇಲೂ ಮಾಡಬಹುದು, ಪಕ್ಕದಲ್ಲಿ ಒಬ್ರು ಇರಲೇಬೇಕು. ಕತ್ತಿನ ಮೂಳೆ ತೊಂದರೆ, ಕತ್ತಿನ ರಕ್ತನಾಳದ ತೊಂದರೆ, ರೆಟಿನಾ ಕಳಚಿದ್ದು ಇದ್ರೆ ಮನೇಲಿ ಬೇಡ. ಬಲಗಿವಿ ಅಂತ ಇಟ್ಕೊಳ್ಳಿ. ಮಲಗಿದಾಗ ಭುಜದ ಕೆಳಗೆ ಬರೋ ಹಾಗೆ ದಿಂಬು ಇಟ್ಟು ಮಂಚದ ಮೇಲೆ ಕಾಲು ಚಾಚಿ ಕೂತು ತಲೆಯನ್ನ ಬಲಕ್ಕೆ 45 ಡಿಗ್ರಿ ತಿರುಗಿಸಿ. ಹಂಗೇ ಹಿಂದಕ್ಕೆ ಬೇಗ ಮಲಗಿ, ತಲೆ ಸ್ವಲ್ಪ ಕೆಳಕ್ಕೆ ಬಾಗಿರಬೇಕು. ಆಗ ಸುತ್ತು ಜೋರಾಗೇ ಬರತ್ತೆ, ಎದ್ದು ಬಿಡಬೇಡಿ, ಸುತ್ತು ನಿಂತ್ರೂ ಒಟ್ಟು 30 ಸೆಕೆಂಡಿಂದ 1 ನಿಮಿಷ ಹಾಗೇ ಇರಿ. ತಲೆ ಎತ್ತದೆ ಎಡಕ್ಕೆ 90 ಡಿಗ್ರಿ ತಿರುಗಿಸಿ, ಮತ್ತೆ ಅಷ್ಟೇ ಹೊತ್ತು. ಈಗ ಇಡೀ ಮೈ ಎಡ ಮಗ್ಗುಲಿಗೆ ಹೊರಳಿಸಿ, ಮೂಗು ನೆಲದ ಕಡೆಗಿರಲಿ, ಮತ್ತೆ ಅಷ್ಟು ಹೊತ್ತು. ಕೊನೆಗೆ ಎಡಗಡೆಯಿಂದಲೇ ನಿಧಾನಕ್ಕೆ ಎದ್ದು ಕೂತು ತಕ್ಷಣ ನಿಲ್ಲದೆ ಸುಧಾರಿಸ್ಕೊಳ್ಳಿ. ಎಡಗಿವಿ ಆದ್ರೆ ಎಲ್ಲಾ ಉಲ್ಟಾ. ಹೀಗೆ ಹರಳು ಕಾಲುವೇಲಿ ಸುತ್ತಿ ಬಂದು ತನ್ನ ಜಾಗಕ್ಕೇ ಬೀಳತ್ತೆ, ತುಂಬಾ ಜನಕ್ಕೆ ಒಂದೆರಡು ಸಲಕ್ಕೇ ಗುಣ ಕಾಣತ್ತೆ. ಇದನ್ನ ಮಾಡಿಸಿದ ದಿನ ದೊಡ್ಡಮ್ಮ ಎದ್ದು ಕೂತು ಇಷ್ಟೇನಾ ಅಂತ ಕೇಳಿದ್ರು, ನನಗೂ ಅದೇ ಸಂಕಟ, ಇಷ್ಟಕ್ಕೇ ಅಷ್ಟು ದಿನ ಕಾಯಿಸಿದ್ವಾ ಅಂತ.

ವಾಂತಿ ಜೋರಿದ್ರೆ ಎರಡು ಮೂರು ದಿನ ಮಾತ್ರೆ ತಗೊಳ್ಳಿ, ತಪ್ಪಿಲ್ಲ, ಆದ್ರೆ ಯಾವ ಮಾತ್ರೆಗೂ ಹರಳನ್ನ ಜಾಗಕ್ಕೆ ಕೂರಿಸೋಕೆ ಆಗಲ್ಲ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಾಜಿನ್ ಥರದ್ದನ್ನ ತಿಂಗಳುಗಟ್ಟಲೆ ನುಂಗಿದ್ರೆ ಮೆದುಳು ಬ್ಯಾಲೆನ್ಸ್ ಮತ್ತೆ ಕಲಿಯೋದೇ ನಿಧಾನ ಆಗತ್ತೆ, ವಯಸ್ಸಾದವರಿಗೆ ಕೈ ನಡುಕಾನೂ ಬರಬಹುದು. ಸುತ್ತು ನಿಂತ ಮೇಲೂ ಕೆಲವು ದಿನ ತೇಲಿದ ಹಾಗೆ ಇರತ್ತೆ, ಅದಕ್ಕೆ ಹೆದರಿ ಮಲಗೇ ಇರಬೇಡಿ, ದಿನಾ ನಡೀರಿ, ಕೈ ಚಾಚಿ ಹೆಬ್ಬೆರಳಲ್ಲೇ ಕಣ್ಣಿಟ್ಟು ತಲೆಯನ್ನ ಆ ಕಡೆ ಈ ಕಡೆ ತಿರುಗಿಸೋದು ಅಭ್ಯಾಸ ಮಾಡಿ. ಇದು ಮತ್ತೆ ಬರೋದೂ ಉಂಟು. ವಿಟಮಿನ್ ಡಿ ಕಮ್ಮಿ ಇದ್ರೆ ಸರಿ ಮಾಡ್ಕೊಂಡವರಿಗೆ ಮರುಕಳಿಸೋದು ಕಡಿಮೆ ಆಗಿದೆ, ಒಮ್ಮೆ ಚೆಕ್ ಮಾಡಿಸಿ.

ಗಂಟೆಗಟ್ಟಲೆ ಸುತ್ತು, ಕಿವಿ ಗುಂಯ್ ಅನ್ನೋದು, ಕಿವಿ ತುಂಬಿಕೊಂಡ ಹಾಗಾಗಿ ಕೇಳಿಸದೇ ಇರೋದು ಇದ್ರೆ ಅದು ಮೆನಿಯರ್ಸ್ ಅನ್ನೋ ಬೇರೆ ಒಳಗಿವಿ ಕಾಯಿಲೆ ಇರಬಹುದು, ಎಪ್ಲಿ ಅದಕ್ಕಲ್ಲ, ಅಲ್ಲಿ ಉಪ್ಪಿನಕಾಯಿ ಹಪ್ಪಳ ಕಮ್ಮಿ ಮಾಡಿ ಅಂತ ಹೇಳ್ತಾರೆ. ದಿನಗಟ್ಟಲೆ ಬಿಡದೇ ತಿರುಗಿದ್ರೆ ಒಳಗಿವಿ ನರದ ಊತ ಇರಬಹುದು, ಸ್ಟ್ರೋಕೂ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಬಂದು ಹೋಗೋ ಸುತ್ತು ಡಾಕ್ಟರ ಮುಂದೆ ಕೂತಾಗ ಬರಲ್ಲ, ಅದೇ ಇದರ ಕಷ್ಟ, ಅದಕ್ಕೇ ಮನೇಲಿ ಬಂದಾಗ ಪಕ್ಕದಲ್ಲಿರೋರು ಮೊಬೈಲಲ್ಲಿ ಅವರ ಕಣ್ಣುಗುಡ್ಡೆ ಹತ್ತಿರದಿಂದ ವಿಡಿಯೋ ಮಾಡ್ಕೊಳ್ಳಿ, ಯಾವ ಮಗ್ಗುಲಿಗೆ ಮಲಗಿದ್ರು ಅನ್ನೋದೂ ಹೇಳಿ ರೆಕಾರ್ಡ್ ಮಾಡಿ, ಡಾಕ್ಟರಿಗೆ ಅದು ತುಂಬಾ ಉಪಯೋಗಕ್ಕೆ ಬರತ್ತೆ.