ಶ್ಯಾಂಪೂ ಬಿಟ್ಟ ಅಲೆಗೂದಲಿಗೆ ಬಣ್ಣ ಹಿಡಿಸಿದ್ದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಶ್ಯಾಂಪೂ ಬಿಟ್ಟು ಬರೀ ನೀರಲ್ಲೇ ತಲೆ ತೊಳೆಯುವುದು ನನಗೆ ಎರಡನೇ ಸಲಕ್ಕೆ ಸರಿಹೋಗಿದ್ದು. ಮೊದಲನೇ ಸಲ ಐದು ವಾರ ಹಲ್ಲು ಕಚ್ಚಿಕೊಂಡು ಎಳೆದು, ಸೋತು, ಒಂದು ಮದುವೆಗೆ ಹೋಗುವ ಹಿಂದಿನ ರಾತ್ರಿ ಎರಡು ಸ್ಯಾಷೆ ಶ್ಯಾಂಪೂ ಸುರಿದುಕೊಂಡು ಬಚ್ಚಲಲ್ಲೇ ಅತ್ತವಳು ನಾನು. ಈಗ ಐದೂವರೆ ತಿಂಗಳಾಯಿತು, ಶ್ಯಾಂಪೂ ತಲೆಗೆ ಮುಟ್ಟಿಸಿಲ್ಲ. ಬಣ್ಣ ಮೂರು ಸಲ ಹಾಕಿದೆ. ಒಂದು ಸಲ ಕೆಟ್ಟಿತು, ಎರಡು ಸಲ ಹಿಡಿಯಿತು. "ಜಿಡ್ಡು ತಲೆಗೆ ಬಣ್ಣ ಹತ್ತಲ್ಲ ಮೇಡಂ" ಅಂದ ಪಾರ್ಲರಿನ ಹುಡುಗಿಯೂ, "ಎಮ್ಮೆ ಮೈ ತೊಳೆದಂಗೆ ಬರೀ ನೀರು ಹುಯ್ಕೊಂಡ್ರೆ ತಲೆ ನಾರುತ್ತೆ ಕಣೆ" ಅಂದ ನಮ್ಮ ಅತ್ತಿಗೆಯೂ ಓದಲಿ ಅಂತಲೇ ಬರೆಯುತ್ತಿದ್ದೇನೆ.

ನೆತ್ತಿ ಉಜ್ಜುವುದು, ಜಿಡ್ಡನ್ನು ಎಳೆ ಎಳೆಯಾಗಿ ತುದಿಗೆ ಎಳೆಯುವುದು, ಅದಕ್ಕೆ ಹಂದಿ ಕೂದಲಿನ ಬ್ರಷ್ಷು, ಇದೆಲ್ಲ ಈ ದಾರಿ ಹಿಡಿದವರಿಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ. ನನ್ನದು ಗುಂಗುರು ಅಲ್ಲ, ನೆಟ್ಟಗೂ ಅಲ್ಲ. ಕಿವಿ ದಾಟಿದ ಮೇಲೆ ಅಲೆ ಶುರುವಾಗುತ್ತದೆ. ಉದ್ದ ಬೆನ್ನಿನ ಮಧ್ಯದವರೆಗೆ. ಹಾಸನದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಹಾಗಾಗಿ ದಿನಕ್ಕೆ ಏಳೆಂಟು ಹೆಂಗಸರು ನನ್ನ ತಲೆಯಿಂದ ಒಂದು ಗೇಣು ದೂರದಲ್ಲಿ ನಿಂತು ಅಳತೆ ಕೊಡುತ್ತಾರೆ. ನಾತ ಬಂದರೆ ಮುಚ್ಚಿಡುವ ಹಾಗಿಲ್ಲ.

ಮೂವತ್ತೈದಕ್ಕೇ ಬೈತಲೆ ಪಕ್ಕ ಬೆಳ್ಳಗಾಗಲು ಶುರುವಾಯಿತು. ಆರು ವರ್ಷ ಕಪ್ಪು ಪುಡಿ ಹಚ್ಚಿದೆ. ಆಮೇಲೆ ಒಂದು ದಿನ ಕಿವಿಯ ಹಿಂದೆ ನೀರುಗುಳ್ಳೆ ಎದ್ದು ಕಣ್ಣುರೆಪ್ಪೆ ಊದಿಕೊಂಡಿತು. ಚರ್ಮದ ಡಾಕ್ಟರು "ಪಿಪಿಡಿ ಇರೋ ಯಾವುದನ್ನೂ ಇನ್ನು ಮುಟ್ಟಬೇಡಿ" ಅಂದರು. ಪಿಪಿಡಿ ಅಂದರೆ ಕೂದಲಿನ ಕಪ್ಪು ಬಣ್ಣಕ್ಕೆ ಹಾಕುವ ರಾಸಾಯನಿಕ. ಕಪ್ಪು ಮೆಹಂದಿ ಅಂತ ಮಾರುವ ಪೊಟ್ಟಣದಲ್ಲೂ ಅದೇ ಇರಬಹುದು, ಹಿಂದೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಓದಿ ಕೊಳ್ಳಿ. ಪಾರ್ಲರಿನಲ್ಲಿ ಅದಿಲ್ಲದ ಬಣ್ಣಕ್ಕೆ ಮೂರೂವರೆ ಸಾವಿರ ಕೇಳಿದರು, ಅದೂ ಎರಡು ತಿಂಗಳಿಗೊಮ್ಮೆ. ಉಳಿದಿದ್ದು ಗೋರಂಟಿ, ಅದರ ಮೇಲೆ ನೀಲಿ ಪುಡಿ, ಅಂದರೆ ಇಂಡಿಗೊ ಗಿಡದ ಎಲೆಯ ಪುಡಿ. ಅದನ್ನೂ ಹಾಕಿ ನೋಡಿದೆ. ಶ್ಯಾಂಪೂ ಹಾಕಿದ ಹಾಗೆಲ್ಲ ನೀಲಿ ಇಳಿದು ಮೂರು ವಾರಕ್ಕೆ ಕೆಂಪು ಇಣುಕುತ್ತಿತ್ತು. ಶ್ಯಾಂಪೂವನ್ನೇ ಬಿಟ್ಟರೆ ಹೇಗೆ ಅನ್ನಿಸಿದ್ದು ಆಗ.

ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಿದೆ. ಅದೇ ಮೊದಲ ತಪ್ಪು. ಆ ಕಾಲಕ್ಕೆ ಒಣಗಾಳಿ, ಧೂಳು. ಎರಡನೇ ತಪ್ಪು ಬೋರ್ ನೀರು. ನಮ್ಮ ಬೀದಿಗೆ ನಲ್ಲಿ ನೀರು ಬಿಟ್ಟಾಗ ಬರುತ್ತದೆ, ಅದನ್ನು ಕುಡಿಯಲು, ಅಡುಗೆಗೆ ಹಿಡಿದಿಟ್ಟುಕೊಳ್ಳುತ್ತೇವೆ. ಸ್ನಾನಕ್ಕೆಲ್ಲ ಮೇಲಿನ ಟ್ಯಾಂಕಿನ ಬೋರ್ ನೀರೇ. ಮೂರನೇ ವಾರಕ್ಕೆ ಕೂದಲು ಮೇಣದ ಬತ್ತಿಯಾಯಿತು. ಎಣ್ಣೆಯ ಜಿಡ್ಡಲ್ಲ ಅದು. ಬೆರಳಲ್ಲಿ ಉಜ್ಜಿದರೆ ಬೂದು ಬಣ್ಣದ ಮಣ್ಣಿನ ಹಾಗೆ ಬರುವ ಅಂಟು. ಬಾಚಣಿಗೆ ಹಲ್ಲುಗಳ ನಡುವೆ ತುಂಬಿಕೊಳ್ಳುತ್ತಿತ್ತು. ಅಳತೆ ಟೇಪು ಕತ್ತಿನಿಂದ ಜಾರಿಸಿದರೆ ಕೂದಲಿಗೆ ಕಚ್ಚಿಕೊಳ್ಳುತ್ತಿತ್ತು! ಅಲೆಗಳು ಮಾಯ, ಹಗ್ಗದ ಹಾಗೆ ಜೋತುಬಿದ್ದಿತು. ಬ್ರಷ್ಷಿನದು ಬೇರೆ ಗೋಳು. ಮುನ್ನೂರೈವತ್ತು ಕೊಟ್ಟು ತರಿಸಿದ್ದು ಹಂದಿ ಕೂದಲಿನದು ಅಂತ. ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರೆ ಕರಗಿ ಗುಂಡಾಯಿತು, ನೈಲಾನು. ನಿಜವಾದ ಕೂದಲಾದರೆ ಸುಟ್ಟು ಕಮಟು ಬರಬೇಕು. ಬಟ್ಟೆ ಪರೀಕ್ಷೆ ಮಾಡುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆಮೇಲೆ ಸಾವಿರದ ಇನ್ನೂರೋ ಏನೋ ಕೊಟ್ಟು ಅಸಲಿಯದನ್ನು ತರಿಸಿದೆ.

ಮದುವೆಗೆ ಶ್ಯಾಂಪೂ ಹಾಕಿ ಸೋಲೊಪ್ಪಿಕೊಂಡ ಮೇಲೆ ಬೇಸಿಗೆ ರಜೆಗೆ ಸಕಲೇಶಪುರದ ಕಡೆ ತವರಿಗೆ ಹೋಗಿದ್ದೆ. ಅಲ್ಲಿ ಮನೆಗೆ ಬರುವುದು ಗುಡ್ಡದ ಒರತೆ ನೀರು, ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಶ್ಯಾಂಪೂ ತೆಗೆದುಕೊಂಡು ಹೋಗಲು ಮರೆತಿದ್ದೆ ಅಷ್ಟೇ, ವ್ರತವೇನಲ್ಲ. ಹಂಡೆಯ ಬಿಸಿನೀರಲ್ಲಿ ಸುಮ್ಮನೆ ನೆತ್ತಿ ಉಜ್ಜಿಕೊಂಡೆ. ಹತ್ತು ದಿನ, ನಾಲ್ಕು ಸಲ. ಮೇಣವೇ ಇಲ್ಲ! ಒಣಗಿದ ಮೇಲೆ ಅಲೆ ಕಿವಿಯ ಮೇಲಿನಿಂದಲೇ ಶುರುವಾಗಿತ್ತು. ತಲೆ ಅದೇ, ಕೈ ಅದೇ, ಬದಲಾಗಿದ್ದು ನೀರು.

ವಾಪಸ್ ಬಂದವಳೇ ನೀರಲ್ಲಿ ಏನೆಲ್ಲ ಕರಗಿದೆ ಅಂತ ಅಳೆಯುವ ಇನ್ನೂರೈವತ್ತು ರೂಪಾಯಿಯ ಟಿಡಿಎಸ್ ಮೀಟರ್ ತರಿಸಿದೆ. ನಮ್ಮ ಬೋರು 880ರ ಆಸುಪಾಸು. ನಲ್ಲಿ ನೀರು, ಅಂದರೆ ಗೊರೂರಿನಿಂದ ಬರುವ ಹೇಮಾವತಿ, 130 ಚಿಲ್ಲರೆ. ತವರಿಂದ ಬಾಟಲಿಯಲ್ಲಿ ತಂದಿದ್ದು 40. ಮೊದಲ ಮಳೆಗೆ ಪಾತ್ರೆ ಇಟ್ಟು ಹಿಡಿದಿದ್ದು 18. ಮೀಟರು ತೋರಿಸುವುದು ಕರಗಿದ್ದೆಲ್ಲದರ ಲೆಕ್ಕ, ಗಡಸುತನ ಒಂದರದ್ದೇ ಅಲ್ಲ, ಗೊತ್ತು. ಆದರೆ ಬೋರ್ ನೀರಿಗೆ ಸೋಪು ತಿಕ್ಕಿದರೆ ನೊರೆ ಬರದೆ ಮೊಸರು ಒಡೆದಂತೆ ಆಗುತ್ತದಲ್ಲ, ತಲೆಯಲ್ಲಿ ಆಗುತ್ತಿದ್ದುದೂ ಅದೇ. ನೀರಿನ ಸುಣ್ಣ, ನೆತ್ತಿಯ ಜಿಡ್ಡು ಸೇರಿ ಮೇಣ. ಕುದಿಸಿ ಆರಿಸಿದ ಬೋರ್ ನೀರೂ ಪ್ರಯತ್ನಿಸಿದೆ, ಪಾತ್ರೆಯ ತಳದಲ್ಲಿ ಬಿಳಿ ಕೂತಿತು, ಕೂದಲಿಗೆ ಅರ್ಧ ಗುಣ ಕೊಟ್ಟಿತು, ಗ್ಯಾಸು ಪೂರ್ತಿ ತಿಂದಿತು. ಬಿಟ್ಟೆ.

ಜೂನ್ ಮೊದಲ ವಾರ ಎರಡನೇ ಸಲ ಶುರು. 200 ಲೀಟರಿನ ಎರಡು ಹಳೇ ನೀಲಿ ಡ್ರಮ್ಮು, ಒಂದಕ್ಕೆ ಎಂಟುನೂರೋ ಒಂಬೈನೂರೋ. ತಾರಸಿಯ ಪೈಪಿನ ಬಾಯಿಗೆ ಹಳೇ ಪಂಚೆ ನಾಲ್ಕು ಮಡಿಕೆ, ಮೇಲೆ ಸೊಳ್ಳೆ ಪರದೆ ಬಿಗಿಯಾಗಿ. ಡೆಂಗ್ಯೂ ಭಯಕ್ಕೆ ಯಜಮಾನರು ವಾರಕ್ಕೆರಡು ಸಲ ಟಾರ್ಚ್ ಹಾಕಿ ನೋಡುತ್ತಿದ್ದರು. ಮೊದಲ ಹತ್ತು ನಿಮಿಷದ ಮಳೆ ಹೊರಗೆ ಬಿಡಬೇಕು, ಪಾರಿವಾಳದ ಹಿಕ್ಕೆಯೆಲ್ಲ ಅದರಲ್ಲೇ ಬರುತ್ತದೆ. ವಾರಕ್ಕೆ ಎರಡು ಸಲ ತೊಳೆಯುತ್ತೇನೆ. ಮೊದಲು ಉಗುರುಬೆಚ್ಚಗಿನ ನಲ್ಲಿ ನೀರು, ಕೊನೆಗೆ ಐದಾರು ಲೀಟರ್ ಮಳೆ ನೀರು, ತಣ್ಣಗೆ. ಬ್ರಷ್ಷು ತೊಳೆಯುವ ಮುಂಚೆ ಮಾತ್ರ. ತೊಳೆದು ಒಣಗಿದ ಅಲೆಗೂದಲಿಗೆ ಬ್ರಷ್ ಹಾಕಿದರೆ ತೆಂಗಿನ ಪೊರಕೆ ಬಿಚ್ಚಿದ ಹಾಗಾಗುತ್ತದೆ, ನೇರ ಕೂದಲಿನವರು ಹೇಳಿದ್ದನ್ನೆಲ್ಲ ಕೇಳಬೇಡಿ. ಒದ್ದೆಯಿದ್ದಾಗ ಬೆರಳಲ್ಲಿ ಸಿಕ್ಕು ಬಿಡಿಸಿ, ಹಳೇ ಕಾಟನ್ ಸೀರೆಯ ತುಂಡಲ್ಲಿ ಕೆಳಗಿನಿಂದ ಮೇಲಕ್ಕೆ ಹಿಸುಕಿ ಬಿಡುತ್ತೇನೆ.

ನಾತದ ವಿಷಯ ಸುಳ್ಳು ಹೇಳುವುದಿಲ್ಲ. ಮೊದಲ ಆರು ವಾರ ಒಗ್ಗರಣೆ ವಾಸನೆ, ಮೀನು ಹುರಿದ ವಾಸನೆ, ತವರಿಗೆ ಹೋದರೆ ಹಂಡೆ ಒಲೆಯ ಹೊಗೆ, ಎಲ್ಲ ಕೂದಲಲ್ಲೇ ಕೂರುತ್ತಿತ್ತು. ಜಿಡ್ಡು ವಾಸನೆ ಹಿಡಿದಿಡುತ್ತದೆ. ಅಡುಗೆ ಮನೆಗೆ ತಲೆಗೆ ಬಟ್ಟೆ ಕಟ್ಟಿಕೊಂಡೇ ಹೋದೆ. ಒಬ್ಬ ಗಿರಾಕಿ ಅಳತೆ ಕೊಡುತ್ತ "ಇವತ್ತು ಹುರುಳಿಕಾಳು ಸಾರಾ?" ಅಂದಳು. ಏಳನೇ ವಾರದಿಂದ ಕಡಿಮೆಯಾಯಿತು, ಈಗ ಯಾರೂ ಕೇಳುವುದಿಲ್ಲ.

ಗೌರಿ ಹಬ್ಬದ ಮುಂಚೆ ಮೊದಲ ಬಣ್ಣ. ನೀರಲ್ಲೇ ತೊಳೆದ ತಲೆಗೆ ನೇರ ಗೋರಂಟಿ ಹಚ್ಚಿದೆ, ಎರಡೂವರೆ ಗಂಟೆ. ತೊಳೆದು ನೀಲಿ ಪುಡಿ, ಒಂದೂಕಾಲು ಗಂಟೆ. ಎರಡು ದಿನ ಕಾದರೂ ನೆತ್ತಿಯ ಮೇಲೆ ಕಪ್ಪು ಬರಲಿಲ್ಲ. ಉದ್ದಕ್ಕೆ ಚೆನ್ನಾಗಿ ಬಂದಿದೆ, ಬಿಳಿ ಇದ್ದ ಬೈತಲೆ ಮಾತ್ರ ಮುತ್ತುಗದ ಹೂವು. ಪಾರ್ಲರ್ ಹುಡುಗಿ ಹೇಳಿದ್ದು ಅರ್ಧ ನಿಜ ಅಂತ ಒಪ್ಪಿಕೊಳ್ಳಬೇಕಾಯಿತು. ನೂರು ಗ್ರಾಂ ಗೋರಂಟಿ, ನೂರು ಗ್ರಾಂ ನೀಲಿ, ಸುಮಾರು ಇನ್ನೂರು ರೂಪಾಯಿ ಬಚ್ಚಲಿಗೆ. ಹಬ್ಬದ ಫೋಟೋದಲ್ಲಿ ಬೈತಲೆ ತುಂಬ ಮಲ್ಲಿಗೆ ಮುಡಿದಿದ್ದೇನೆ, ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇಲ್ಲಿಂದಲೇ ನನ್ನ ನಿಜವಾದ ಕೆಲಸ ಶುರುವಾಗಿದ್ದು. ಬ್ರಷ್ಷಿಗೆ ಸಿಕ್ಕ ಬಿಳಿಕೂದಲನ್ನೆಲ್ಲ ಒಂದು ಬಾಬಿನ್ ಡಬ್ಬಿಯಲ್ಲಿ ಕೂಡಿಟ್ಟೆ. ಇಪ್ಪತ್ತು ಇಪ್ಪತ್ತೈದು ಎಳೆಯ ನಾಲ್ಕು ಕಟ್ಟು ಮಾಡಿ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿದೆ. ಕೆಂಪು ದಾರದ್ದು ಹಾಗೇ, ಹಳದಿಯದನ್ನು ಕಡಲೆಹಿಟ್ಟಲ್ಲಿ ತೊಳೆದೆ, ಹಸಿರಿನದನ್ನು ಅಂಟುವಾಳದಲ್ಲಿ, ನೀಲಿಯದನ್ನು ಸೀಗೇಕಾಯಲ್ಲಿ. ನಾಲ್ಕಕ್ಕೂ ಒಂದೇ ಗೋರಂಟಿ, ಒಂದೇ ನೀಲಿ. ಕೆಂಪು ದಾರ ನನ್ನ ಬೈತಲೆಯ ಹಾಗೇ ಕೇಸರಿ ಪಟ್ಟೆ. ಹಳದಿ ಕಂದು, ಪರವಾಗಿಲ್ಲ. ಸೀಗೇಕಾಯಿಯದು ಕಡುಕಂದು. ಅಂಟುವಾಳದ್ದು ಕಪ್ಪು ಅಂದರೆ ಕಪ್ಪು.

ಹಾಗಂತ ಇಡೀ ತಲೆಗೆ ಅಂಟುವಾಳ ಹಾಕಿಕೊಂಡು ಎರಡು ತಿಂಗಳ ದುಡಿಮೆ ಹಾಳು ಮಾಡಿಕೊಳ್ಳಬೇಡಿ. ಬಣ್ಣದ ಹಿಂದಿನ ಸಂಜೆ ಬಿಳಿ ಇರುವ ಕಡೆ ಮಾತ್ರ, ಬೈತಲೆ, ಹಣೆಯ ಪಕ್ಕ, ಹತ್ತಿಯಲ್ಲಿ ಅದ್ದಿ ಬುಡದಿಂದ ನಾಲ್ಕು ಬೆರಳಷ್ಟು ಉದ್ದಕ್ಕೆ ಉಜ್ಜಿ ತೊಳೆಯುವುದು. ಉದ್ದದ ಜಿಡ್ಡು ಹಾಗೇ ಇರಲಿ. ಐದು ಕಾಯಿ ಸಾಕು. ಕಣ್ಣಿಗೆ ಬಿತ್ತೋ ಸತ್ತಿರಿ. ನನಗೆ ಬಿದ್ದು ಅರ್ಧ ದಿನ ಸೂಜಿಗೆ ದಾರ ಪೋಣಿಸಲಾಗಲಿಲ್ಲ, ಒಂದು ಬ್ಲೌಸು ತಡವಾಗಿ ಬೈಸಿಕೊಂಡೆ. "ಅಂಟುವಾಳ ಹಾಕಿದ ಮೇಲೆ ಬರೀ ನೀರು ಹೇಗಾಯಿತು?" ಅಂತ ಕೇಳುವವರು ಕೇಳಲಿ. ತಿಂಗಳಿಗೆ ಐದು ಕಾಯಿಗೆ ನನ್ನ ವ್ರತ ಕೆಡುವುದಿಲ್ಲ.

ಗೋರಂಟಿಗೆ ಹುಳಿ ಬೇಕು, ನಾನು ನಿಂಬೆರಸ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ನೀಲಿಗೆ ಹುಳಿ ಸೋಕಬಾರದು, ಕಲಸಿ ಕಾಲು ಗಂಟೆಯೊಳಗೆ ತಲೆಯ ಮೇಲಿರಬೇಕು. ಎರಡನ್ನೂ ಮಳೆ ನೀರಲ್ಲೇ ಕಲಸಿ. ಇನ್ನೊಂದು ಸೊಪ್ಪು ಗೋರಂಟಿಗೆ ಹಾಕುತ್ತೇನೆ, ಅಮ್ಮನ ಹಿತ್ತಲಿನದು. ಅದನ್ನು ಹೇಳುವುದಿಲ್ಲ. ಅತ್ತಿಗೆಗೂ ಹೇಳಿಲ್ಲ.

ಶ್ಯಾಂಪೂ ಇಲ್ಲದೆ ಗೋರಂಟಿ ತೊಳೆಯುವುದೇ ದೊಡ್ಡ ಕಷ್ಟ. ಅಲೆಯ ಮಡಿಕೆಯಲ್ಲೆಲ್ಲ ಪುಡಿ ಕೂತು ಮೂರು ದಿನ ಹೊಲಿಯುವ ಬಟ್ಟೆ ಮೇಲೆ ಹಸಿರು ಉದುರುತ್ತಿತ್ತು. ಗಿರಾಕಿಯ ಕೆನೆಬಣ್ಣದ ರೇಷ್ಮೆ ಮೇಲೂ ಉದುರಿತು, ಕೊಡವಿದೆ, ಕಲೆಯಾಗಲಿಲ್ಲ, ದೇವರು ದೊಡ್ಡವನು. ಈಗ ಪುಡಿಯನ್ನು ಲೈನಿಂಗಿಗೆ ಬಳಸುವ ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸುತ್ತೇನೆ. ನೂರು ಗ್ರಾಮಿನಲ್ಲಿ ಒಂದು ಹಿಡಿ ಕಡ್ಡಿ ಹೊರಗೆ ಬರುತ್ತದೆ. ಆಮೇಲೆ ಬಕೆಟ್ಟಿಗೆ ತಲೆ ಮುಳುಗಿಸಿ ಬೆರಳಾಡಿಸುವುದು, ನೀರು ಬದಲಿಸುವುದು. ನಾಲ್ಕು ಬಕೆಟ್, ನಲವತ್ತು ನಿಮಿಷ, ಸೊಂಟ ನೋವು ಉಚಿತ. ಆ ನೀರು ನಲ್ಲಿಯದೇ ಸಾಕು.

ಕಾಫಿ ಸೀಮೆಯವಳಾಗಿ ಕಾಫಿ ಡಿಕಾಕ್ಷನ್ ಹಾಕದೆ ಇರಲಾದೀತೆ? ಎಲ್ಲರೂ ಅದನ್ನೇ ಹೇಳುತ್ತಾರೆ. ತೋಟದ ರೊಬಸ್ಟಾ, ಗಟ್ಟಿ ಡಿಕಾಕ್ಷನ್, ಚಿಕೋರಿ ಇಲ್ಲದ್ದು. ಬಿಳಿಕೂದಲ ಕಟ್ಟಿಗೆ ಒಂದು ರಾತ್ರಿ. ತಿಳಿಕಂದು ಬಂತು, ಎರಡು ಸಲ ನೀರಿಗೆ ಹಿಡಿದರೆ ಹೋಯಿತು. ಗೋರಂಟಿಗೆ ಬೆರೆಸಿದರೂ ನನಗೆ ವ್ಯತ್ಯಾಸ ಕಾಣಲಿಲ್ಲ, ತಲೆ ಮಾತ್ರ ಎರಡು ದಿನ ಹೋಟೆಲಿನ ಹಾಗೆ ಘಮಘಮ. ಕುಡಿದುಬಿಡಿ. ಕಬ್ಬಿಣದ ಬಾಣಲೆಯಲ್ಲಿ ನೆನೆಸಿದ ಗೋರಂಟಿ ಸ್ವಲ್ಪ ಕಡುವಾಗುತ್ತದೆ, ಅದು ನಿಜ.

ಸೆಪ್ಟೆಂಬರ್ ಕೊನೆಗೆ ಎರಡನೇ ಸಲ, ಹಾಸನಾಂಬೆ ಬಾಗಿಲು ತೆಗೆಯುವ ಮುಂಚೆ ಬುಡಕ್ಕೆ ಮಾತ್ರ ಮೂರನೇ ಸಲ. ವರ್ಷಕ್ಕೊಮ್ಮೆ ತೆಗೆಯುವ ಬಾಗಿಲು, ನೆಂಟರೆಲ್ಲ ನಮ್ಮ ಮನೆಯಲ್ಲೇ ಠಿಕಾಣಿ. ದರ್ಶನದ ಸಾಲಲ್ಲಿ ಮೂರೂವರೆ ಗಂಟೆ ನಿಂತಿದ್ದೆವು. ಹಿಂದೆ ನಿಂತಿದ್ದ ಬೆಂಗಳೂರಿನ ಹೆಂಗಸು "ಯಾವ ಪಾರ್ಲರಲ್ಲಿ ಮಾಡಿಸಿದ್ರಿ, ಅಲೆನೂ ಅವರೇ ಮಾಡಿದ್ದಾ?" ಅಂದಳು. ಅತ್ತಿಗೆ ಪಕ್ಕದಲ್ಲೇ ಇದ್ದಳು. ಆ ಹೆಂಗಸಿಗೆ ಒಂದು ಬ್ಲೌಸು ಪುಕ್ಕಟೆ ಹೊಲಿದುಕೊಡಬೇಕು ಅನ್ನಿಸಿತು.

ಆಮೇಲೆ ದೀಪಾವಳಿ. ನೀರು ತುಂಬುವ ಹಬ್ಬದ ಸಂಜೆಯೇ ಅಮ್ಮನ ಫೋನು, ನರಕ ಚತುರ್ದಶಿಗೆ ಎಣ್ಣೆ ಹಚ್ಚದೆ ಸ್ನಾನ ಮಾಡಿದರೆ ಹಬ್ಬ ಅಂತಾರಾ ಅದನ್ನ ಅಂತ. ಹರಳೆಣ್ಣೆ ಬರೀ ನೀರಿಗೆ ಬಿಡುವ ವಸ್ತುವಲ್ಲ. ಕೊನೆಗೆ ರಾಜಿ, ನೆತ್ತಿಗೆ ಮೂರು ಬೊಟ್ಟು ಕೊಬ್ಬರಿ ಎಣ್ಣೆ, ಮೈಗೆ ಎಷ್ಟು ಬೇಕಾದರೂ. ಮೂರು ಬೊಟ್ಟು ಎರಡು ತೊಳೆತಕ್ಕೆ ಬ್ರಷ್ಷಿನಲ್ಲೇ ಹರಡಿ ಹೋಯಿತು.

ಖರ್ಚು ನೆನಪಿದ್ದಷ್ಟು ಕೂಡಿಸಿದರೆ ನಕಲಿ ಬ್ರಷ್ಷು, ಹಾಳಾದ ಬಣ್ಣ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ಪಾರ್ಲರಿಗೆ ಒಂದು ಸಲ ಹೋದದ್ದಕ್ಕಿಂತ ತುಸು ಹೆಚ್ಚು. ಇನ್ನು ಮುಂದೆ ತಿಂಗಳಿಗೆ ನೂರು ನೂರಿಪ್ಪತ್ತು, ಬುಡಕ್ಕೆ ಮಾತ್ರ. ಎರಡೂ ಡ್ರಮ್ಮು ತುಂಬಿವೆ, ಮಾರ್ಚ್‌ವರೆಗೆ ಎಳೆಯಬಹುದು. ಏಪ್ರಿಲಿಗೆ ನಲ್ಲಿ ನೀರೊಂದರಲ್ಲೇ ನಡೆಯುತ್ತದಾ ನೋಡಬೇಕು, ಆ 130ಕ್ಕೂ ಮೇಣ ಬಂದರೆ ತವರಿಗೆ ಹೋಗುವಾಗ ಕ್ಯಾನು ಒಯ್ಯುವುದು. ಅತ್ತಿಗೆ ಮೊನ್ನೆ ಬಂದು ಡ್ರಮ್ಮು ಎಲ್ಲಿ ಸಿಕ್ಕಿತು ಅಂತ ಕೇಳಿದಳು. ಅಕ್ಕಿ ತೊಳೆದ ನೀರು ಹಿಡಿದಿಡಲು ಅಂತೆ.