ಟಿಕೆಟ್ ಎಣಿಸಿದರೆ ಸಾಲದು

2023ರ ಜೂನ್ 11ಕ್ಕೆ, ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾಯಿತು. ಬಸ್ ಫ್ರೀ ಆದ ಮೇಲೆ ಹೆಂಗಸರ ದುಡಿಮೆಯಲ್ಲಿ ಏನು ಬದಲಾಯಿತು ಅಂತ ಅಳೆಯಲು ನಾನು ಆರಿಸಿಕೊಂಡ ಜಾಗ ಬೆಂಗಳೂರಿನ ಲಗ್ಗೆರೆ. ಪೀಣ್ಯದ ಗಾರ್ಮೆಂಟ್ಸ್‌ಗೆ ನಡೆದೇ ಹೋಗುವವರು, ಬಸ್ ಹತ್ತಿ ಮಲ್ಲೇಶ್ವರದ ಮನೆಗೆಲಸಕ್ಕೆ ಹೋಗುವವರು ಅಲ್ಲಿ ಅಕ್ಕಪಕ್ಕದ ಮನೆಯಲ್ಲೇ ಇರುತ್ತಾರೆ.

ಮೊದಲು ಟಿಕೆಟ್ ಲೆಕ್ಕ ಹಿಡಿದು ಕೂತೆ. ಲಗ್ಗೆರೆಯಿಂದ ಜಯನಗರಕ್ಕೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಿದರೆ ಹೋಗೋಕೆ ಎರಡು ಟಿಕೆಟ್, ಬರೋಕೆ ಎರಡು. ನಾಲ್ಕು ಟಿಕೆಟ್, ಹೆಂಗಸು ಒಬ್ಬರೇ! ಅವರಲ್ಲಿ ಎಷ್ಟೋ ಜನ ಮೊದಲೂ ದುಡ್ಡು ಕೊಟ್ಟು ಹೋಗುತ್ತಿದ್ದವರೇ. ಯೋಜನೆ ಇಲ್ಲದಿದ್ದರೆ ಇವರು ಏನು ಮಾಡುತ್ತಿದ್ದರು ಅನ್ನೋದು ಟಿಕೆಟ್‌ನಲ್ಲಿ ಕಾಣಲ್ಲ, ನನಗೆ ಬೇಕಾಗಿದ್ದು ಅದೇ.

ಹಾಗಾಗಿ ಮನೆ ಮನೆಗೆ ಹೋದೆ, ಅಲ್ಲೂ ಎಡವಿದೆ. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಸಿಗೋದು ಕೆಲಸಕ್ಕೆ ಹೋಗದವರೇ ಅಲ್ವಾ? ಮೊದಲ ವಾರದ ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟು ಭಾನುವಾರ ಹೋಗಲು ಶುರು ಮಾಡಿದೆ. ಒಬ್ಬರು ಅಗರಬತ್ತಿ ಹೊಸೆಯುತ್ತಲೇ, "ಕೆಲಸ ಎಲ್ಲಿದೆ ಮೇಡಂ, ಮನೇಲೇ ಇರ್ತೀನಿ" ಅಂದರು. ಕೈ ನಿಂತಿರಲಿಲ್ಲ. ಅವತ್ತೇ ಪ್ರಶ್ನೆ ಬದಲಾಯಿಸಿದೆ: "ಅಕ್ಕ, ಹೋದ ಏಳು ದಿನದಲ್ಲಿ ದುಡ್ಡು ಬರೋ ಕೆಲಸ ಒಂದು ಗಂಟೆಯಾದರೂ ಮಾಡಿದ್ರಾ?" ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲೂ ಅಳತೆ ಇದೇ. ಆ ಸಮೀಕ್ಷೆಯ ಅಂಕಿ ಒಂದು ಬಡಾವಣೆಯ ಮಟ್ಟಕ್ಕೆ ಇಳಿಯಲ್ಲ, ಅದಕ್ಕೇ ನಾವೇ ಸುತ್ತಬೇಕಾಯಿತು.

ದೊಡ್ಡ ತಲೆನೋವು ಬೇರೆ ಇತ್ತು. ಅದೇ ವರ್ಷ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಬಂತು, ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ. ಆಮೇಲೆ ಒಬ್ಬರು ಒಳ್ಳೆ ಕೆಲಸ ಹುಡುಕಿಕೊಂಡರೆ ಅದು ಬಸ್ಸಿನಿಂದಲೋ, ಈ ದುಡ್ಡಿನಿಂದಲೋ? ಆಗ ನೆರವಾದವರು ಪೀಣ್ಯಕ್ಕೆ ನಡೆದು ಹೋಗುವವರು. ಗೃಹಲಕ್ಷ್ಮಿ ಅವರಿಗೂ ಬರುತ್ತದೆ, ಬೆಲೆ ಏರಿಕೆ ಅವರಿಗೂ ತಟ್ಟುತ್ತದೆ, ಕೆಲಸಕ್ಕೆ ಹೋಗೋಕೆ ಬಸ್ ಮಾತ್ರ ಬೇಡ. ಎರಡೂ ಗುಂಪಿನಲ್ಲಿ ಮೊದಲಿಗೂ ಈಗಿಗೂ ಎಷ್ಟು ಬದಲಾಗಿದೆ ನೋಡಿ, ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಬಸ್ಸಿನ ಪಾಲು. ಶಕ್ತಿ ಇಲ್ಲದಿದ್ದರೂ ಎರಡೂ ಗುಂಪು ಒಂದೇ ರೀತಿ ಸಾಗುತ್ತಿದ್ದವು ಅನ್ನೋ ನಂಬಿಕೆ ಮೇಲೆ ಈ ಲೆಕ್ಕ ನಿಂತಿದೆ. ಗಾರ್ಮೆಂಟ್ಸ್‌ನಲ್ಲಿ ಆರ್ಡರ್ ಕಡಿಮೆಯಾದ ತಿಂಗಳು ಆ ನಂಬಿಕೆ ಅಲುಗಾಡುತ್ತದೆ, ಹಾಗಾಗಿ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಇತ್ತಾ ಅಂತಲೂ ಕೇಳಿ ಬರೆದುಕೊಂಡೆ.

ಆದರೂ ನಾನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಎಣಿಸುತ್ತಿದ್ದೆ, ಮಾತಿಗೆ ಕೂತಾಗ ಕೇಳಿಬಂದಿದ್ದು ಕೆಲಸ ಮಾಡುವ ಮನೆ ಬದಲಾಯಿಸಿದ ಕತೆಗಳು. ಹತ್ತಿರದ ಮನೆ ಬಿಟ್ಟು, ಸಂಬಳ ಜಾಸ್ತಿ ಕೊಡುವ ದೂರದ ಮನೆ ಹಿಡಿದಿದ್ದರು. "ಕೆಲಸ ಇದೆಯಾ, ಇಲ್ವಾ" ಅಂತ ಮಾತ್ರ ಕೇಳಿದ್ದರೆ ಇದು ಸೊನ್ನೆ ಅಂತಲೇ ದಾಖಲಾಗುತ್ತಿತ್ತು.

ದುಡಿಮೆಯ ಜೊತೆಗೆ ಹೆಂಗಸರ ಸುರಕ್ಷತೆ, ಆರೋಗ್ಯದಲ್ಲಿ ಏನು ಬದಲಾಯಿತು ಅಂತಲೂ ಕೇಳಿದೆ. ಅಪರಾಧದ ಲೆಕ್ಕಕ್ಕೆ ಎಫ್‌ಐಆರ್ ಒಂದನ್ನೇ ನಂಬಬೇಡಿ. ಓಡಾಡುವವರು ಜಾಸ್ತಿಯಾದರೂ ದೂರು ಏರುತ್ತದೆ, ಧೈರ್ಯ ಬಂದು ಠಾಣೆಗೆ ಹೋದರೂ ಏರುತ್ತದೆ. ನಾನು ಕೇಳಿದ್ದು, "ಕತ್ತಲಾದ ಮೇಲೆ ಸ್ಟಾಪ್‌ನಲ್ಲಿ ನಿಲ್ಲೋಕೆ ಭಯ ಆಗುತ್ತಾ?" ಅಂತ. ಆರೋಗ್ಯಕ್ಕೂ ಹಾಗೇ, "ಚೆನ್ನಾಗಿದ್ದೀರಾ" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಬಿಪಿ ಮಾತ್ರೆಯ ಸ್ಟ್ರಿಪ್ ತೋರಿಸಿ ಅಂದೆ. ಕೊನೇ ಸಲ ಯಾವ ಆಸ್ಪತ್ರೆಗೆ, ಹೇಗೆ ಹೋಗಿ ತಂದಿದ್ದು ಅಂತ ಅದನ್ನು ಕೈಯಲ್ಲಿ ಹಿಡಿದೇ ಹೇಳುತ್ತಿದ್ದರು.